ಸುವರ್ಣಾ ತನ್ನ ಅಳತಿಗೆ ಮಾಡಿದ ಖುರ್ಚಿ

ಸುವರ್ಣಾ ಮಾಡಿದ ಖುರ್ಚಿ ಮುಂಬಯ್ಯಾಗ ಕುಂತಾವ, ಪುಣೇದಾಗ ಕುಂತಾವ, ಒಂದಂತೂ ಸಮುದ್ರ ದಾಟಿ ಹೋಗಿ ಯಾವನೋ ಸಾಹುಕಾರನ ಬಂಗಲೆದಾಗ ಕುಂತೈತಿ. ಮಾಡಿದಾಕಿ ಮಾತ್ರ ರಾಜೂರಾಗ ನೆಲದ ಮ್ಯಾಲ ಕುಂತಿದ್ಲು. ನಗಬ್ಯಾಡ್ರಿ. ಲಗ್ನ ಆಗಿ ಆ ಮನಿ ಹೊಸ್ತಿಲ ತುಳದಾಗಿಂದ ನೆಲದಾಗ ಕುಂತಾಕಿ ಅಕಿ.

ರಾಜೂರ ಗಜೇಂದ್ರಗಡದ ಮಗ್ಗಲ ಊರು. ಅಲ್ಲಿ ಅಕಿ ಮಾವ ದ್ಯಾಮಪ್ಪ ಗೌಡ್ರ ಮನಿ ಎಲ್ಲಿ ಅಂದ್ರ ನಾಯಿ ಸುದ್ದಾ ದಾರಿ ತೋರಸ್ತೈತಿ. ಪಡಸಾಲ್ಯಾಗ ಸಾಗವಾನಿ ಕಂಬ, ಕಂಬದ ಮಗ್ಗಲ ಗೌಡ್ರ ಅಪ್ಪನ ಕಾಲದ ತೋಳಿನ ಖುರ್ಚಿ. ಅದರಾಗ ಗೌಡ್ರು ಕುಂತ್ರು ಅಂದ್ರ ಮನಿ ಹೆಣ್ಮಕ್ಕಳಿಗೆ ಎರಡ ಜಾಗ ಇದ್ವು. ನಡುಮನಿ ಬಾಗಲ ಹಿಂದ ನಿಂದ್ರಬೇಕು, ಇಲ್ಲಾಂದ್ರ ನೆಲದಾಗ ಕುಂದ್ರಬೇಕು. ಹೊರಸು ಇಲ್ಲ, ಸ್ಟೂಲ್ ಇಲ್ಲ, ಪ್ಲಾಸ್ಟಿಕ್ ಖುರ್ಚಿನೂ ಇಲ್ಲ.

ಇದನ್ನ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೊಸದಾಗಿ ಬಂದಾಗ ಸುವರ್ಣಾ ಒಮ್ಮೆ ತಿಳೀದ, ಪಡಸಾಲ್ಯಾಗ ಆ ಖುರ್ಚಿ ಮ್ಯಾಲ ಕುಂತು ಶೇಂಗಾ ಸುಲಿಯಾಕತ್ತಿದ್ಲು. ಗೌಡ್ರು ಹೊಲದಿಂದ ಬಂದು ಹೊಸ್ತಿಲದಾಗ ನಿಂತ್ರು. ಒಂದ ಸಲ ಕೆಮ್ಮಿದ್ರು. ಅಷ್ಟ. ಅತ್ತಿ ಶೇಖವ್ವ ಒಳಗಿಂದ ಓಡಿ ಬಂದು ಅಕಿ ರಟ್ಟಿ ಹಿಡದು ಎಬ್ಬಿಸಿದ್ಲು. “ಯವ್ವಾ, ಮಾವನ ಮುಂದ ಖುರ್ಚಿ ಏರಿ ಕುಂದ್ರತಾರೇನ? ನಿಮ್ಮ ಚಿಕ್ಕನರಗುಂದದಾಗ ಹಿಂಗ ಕಲಿಸ್ಯಾರೇನ?” ಅಂದ್ಲು. ಶೇಂಗಾ ಎಲ್ಲಾ ಚೆಲ್ಲಿ ಪಡಸಾಲಿ ತುಂಬ ಉರುಳಾಡಿದ್ವು. ಅವನ್ನ ಆಯಾಕ ಸುವರ್ಣಾ ನೆಲಕ್ಕ ಕುಂತ್ಲು ನೋಡ್ರಿ, ಕುಂತಾಕಿ ಕುಂತಬಿಟ್ಲು.

ಹಂಗಂತ ಗೌಡ್ರು ರಾಕ್ಷಸ ಅಲ್ಲ ಮತ್ತ. ಕೆಟ್ಟ ಮನಶ್ಯಾ ಆಗಿದ್ರ ಕೆಲಸ ಹಗರ ಇತ್ತು, ಒಮ್ಮೆ ಜಗಳಾ ಮಾಡಿ ಮುಗಸಬಹುದಾಗಿತ್ತು. ಸೊಸಿಗೆ ಜ್ವರ ಬಂದ್ರ ತಾವ ಗಾಡಿ ಹೊಡಕೊಂಡು ದವಾಖಾನಿಗೆ ಕರಕೊಂಡು ಹೋಗಾವ್ರು. ಅಕಿ ಕಟಗಿ ಕೆಲಸಾ ಮಾಡ್ತೀನಿ ಅಂದಾಗ ಊರಾಗ ಎಲ್ಲಾರೂ ನಕ್ರು, ಗೌಡ್ರು ನಗಲಿಲ್ಲ. ಖಾಲಿ ಬಿದ್ದಿದ್ದ ದನದ ಮನಿ ಬಿಡಿಸಿ ಕೊಟ್ರು, ಹುಬ್ಬಳ್ಳಿಯಿಂದ ಗರಗಸದ ಮಿಷನ್ ತರಿಸಿ ಕೊಟ್ರು. ಎಲ್ಲಾ ಕೊಟ್ರು. ಕುಂದ್ರಾಕ ಜಾಗ ಒಂದ ಕೊಡಲಿಲ್ಲ.

ಸುವರ್ಣಾ ಚಿಕ್ಕನರಗುಂದದ ಒಕ್ಕಲುತನದ ಮನಿ ಮಗಳು. ಸಾಲ್ಯಾಗ ಫಳಿ ಮ್ಯಾಲ ಬರಿಯೂ ಖಡು ಸಿಕ್ರ ಸಾಕು, ಅದನ್ನ ಬ್ಲೇಡಿಲೆ ಕೊರದು ಗುಬ್ಬಿ ಮಾಡೂದು, ಮಾಸ್ತರ ಮಾರಿ ಮಾಡೂದು, ಹೊಡತಾ ತಿನ್ನೂದು. ಗದಗಿನ್ಯಾಗ ಚಿತ್ರಕಲಾ ಶಾಲಿ ಸೇರಿ ಕಲ್ಲು, ಮಣ್ಣು, ಕಟಗಿ ಎಲ್ಲಾ ಕೆತ್ತಾಕ ಕಲತ್ಲು. ಲಗ್ನದಾಗ ಅಕಿ ಟ್ರಂಕಿನ್ಯಾಗ ಸೀರಿ ಕೆಳಗ ಉಳಿ ಬಂದ್ವು. ಗಂಡ ಸಂಗನಬಸವ ಮೊದಲನೇ ಸಲ ಟ್ರಂಕ್ ತಗದು ನೋಡಿ, “ಇವು ಯಾರನ್ನ ಹೊಡಿಯಾಕ?” ಅಂತ ಕೇಳಿದ್ದ. ಚಲೋ ಮನಶ್ಯಾ ಅಂವ. ಆದ್ರ ಅಪ್ಪ ಕೆಮ್ಮಿದ್ರ ಮಗಾನೂ ಬೆದರಾಂವ.

ಗೌಡ್ರ ಮನಿಗೆ ಎರಡನೇ ಟ್ರ್ಯಾಕ್ಟರ್ ಬಂದ ವರ್ಷ ಚಕ್ಕಡಿ ಮೂಲಿಗೆ ಬಿತ್ತು. ಗೆದ್ದಲಿ ಹತ್ತೂದಕಿಂತ ಮೊದಲ ಒಡದು ನೀರ ಕಾಸೂಣು ಅಂತ ಶೇಖವ್ವ ಆಳಿನ ಕೈಯಾಗ ಕೊಡ್ಲಿ ಕೊಟ್ಲು. ಮೊದಲನೇ ಏಟು ಬೀಳೂದು ಕೇಳಿ ಸುವರ್ಣಾ ಹಿಟ್ಟಿನ ಕೈಯಲೆ ಓಡಿ ಹೋಗಿ ಗಾಲಿ ಮ್ಯಾಲ ಅಡ್ಡ ಬಿದ್ಲು. “ಅತ್ತಿ, ಇದನ್ನ ಸುಟ್ರ ನಾ ಆ ನೀರ ಜಳಕಾ ಮಾಡಂಗಿಲ್ಲ ನೋಡ್ರಿ!” ಅಂದ್ಲು. ಶೇಖವ್ವ, “ಮಾಡಬ್ಯಾಡ ಬಿಡ, ನಾರು,” ಅಂತ ಬೈಕೋತ ಒಳಗ ಹೋದ್ಲು. ಚಕ್ಕಡಿ ಉಳೀತು.

ಆ ಚಕ್ಕಡಿ ಕಟ್ಟಿದಾಂವ ಹನಮಪ್ಪ ಬಡಿಗೇರನ ಅಪ್ಪ. ಹನಮಪ್ಪ ಚಕ್ಕಡಿ ಕೆಲಸ ನಿಂತ ಮ್ಯಾಲ ಗಜೇಂದ್ರಗಡದಾಗ ಹೊಸಾ ಮನಿಗೋಳಿಗೆ ಪ್ಲೈವುಡ್ ಕಪಾಟ ಹೊಡಕೋತ ತಿರಗತಿದ್ದ. ಸುವರ್ಣಾ ಅಂವನ್ನ ಕರಿಸಿ, “ಕಾಕಾ, ನಿಮ್ಮಪ್ಪನ ಗಾಲಿಲೆ ಖುರ್ಚಿ ಮಾಡೂಣ?” ಅಂದ್ಲು. ಅಂವ ಗುಟಕಾ ಉಗುಳಿ ಬಂದು ಗಾಲಿ ಸವರಿ ನೋಡಿದ. “ಕರಿಜಾಲಿ ಯವ್ವಾ ಇದು. ನನ್ನೂ ನಿನ್ನೂ ಸುಟ್ಟ ಮ್ಯಾಲೂ ಇರತೈತಿ. ಮಾಡೂಣ ತಗೊ,” ಅಂದ.

ಹಿಂಗ ಸುರು ಆತು. ಚಕ್ಕಡಿ ಅಚ್ಚಿನ ಕಟಗಿಲೆ ಕಾಲು, ಗಾಲಿಯೊಳಗಿನ ಅರದ ಕಡ್ಡಿಲೆ ಬೆನ್ನು, ಪುಂಡಿ ನಾರಿನ ಹಗ್ಗದಲೆ ಕುಂದ್ರೂ ಜಾಗ. ಹನಮಪ್ಪ ಕೂಡಿಸೂದು, ಸುವರ್ಣಾ ಕೆತ್ತೂದು. ಆದ್ರ ಅಕಿ ಕೆತ್ತಿದ್ದೆಲ್ಲಿ ಅಂತೀರಿ? ಖುರ್ಚಿ ಕೆಳಗ! ಬೆನ್ನ ಬೋಳ, ತೋಳ ಬೋಳ. ಕುಂದ್ರೂ ಪಟ್ಟಿ ಕೆಳಗ, ಕಾಲಿನ ಒಳಮಗ್ಗಲಕ ಮಾತ್ರ ತುಂಬಿ ಹೋಗೂವಂಗ ಕೆತ್ತನಿ. ಇರಿವಿ ಸಾಲು, ಕೋಳಿ ಹೆಜ್ಜಿ, ಚೆಲ್ಲಿದ ಜ್ವಾಳದ ಕಾಳು, ಅಂಬೆಗಾಲಿಡೂ ತನ್ನ ಕೂಸಿನ ಅಂಗಾಲು. ಹನಮಪ್ಪಗ ಹೊಟ್ಟಿ ಉರೀತು. “ಯವ್ವಾ, ಇಷ್ಟ ಚಂದ ಕೆತ್ತಿ ಕುಂಡಿ ಕೆಳಗ ಇಟ್ರ ಯಾರ ನೋಡ್ತಾರ?” ಅಂದು, ಗೌಡ್ರ ಸೊಸಿ ಮುಂದ ಇದೇನ ಮಾತು ಅಂತ ನಾಲಿಗಿ ಕಚಗೊಂಡ. ಸುವರ್ಣಾ ನಕ್ಕಳು. ಅಕಿಗೂ ಯಾಕಂತ ಗೊತ್ತಿರಲಿಲ್ಲ. ಉಳಿ ಅಲ್ಲೇ ಹೋಗತಿತ್ತು, ಅಷ್ಟ.

ಖುರ್ಚಿ ಮುಗದ ಮ್ಯಾಲ ಹನಮಪ್ಪ ತಾನ ಕುಂತು ನೋಡ್ತಿದ್ದ, ಅಲಗಾಡಿಸಿ ನೋಡ್ತಿದ್ದ, “ಗಟ್ಟಿ ಐತಿ,” ಅಂತಿದ್ದ. ಸುವರ್ಣಾ ನೆಲದಾಗ ಕುಂತು ಕೆಳಗಿಂದ ನೋಡ್ತಿದ್ಲು.

ಮಯೂರಿ ಬಂದದ್ದು ಆಮ್ಯಾಲ. ನರಗುಂದದ ವಾಸುದೇವ ಮಾಸ್ತರ ಮಗಳು, ಮುಂಬಯ್ಯಾಗ ಒಂದು ಗ್ಯಾಲರಿ ನಡಸತಾಳ. ಅದು ಫರ್ನಿಚರ್ ಅಂಗಡಿ ಅಲ್ಲ. ಅಲ್ಲಿ ಖುರ್ಚಿ, ಮೇಜು, ಕಪಾಟು ಎಲ್ಲಾ ಚಿತ್ರಪಟದಂಗ ಇಟ್ಟಿರತಾರ, ಒಂದರಂಗ ಇನ್ನೊಂದಿಲ್ಲ, ದುಡ್ಡಿದ್ದಾವ್ರು ಬಂದು ಕೈ ಕಟಗೊಂಡು ನೋಡಿ, ಕೂಡಿಸಿಡಾಕ ಅಂತ ಒಯ್ಯತಾರ. ಯಾರೋ ಮೊಬೈಲಿನ್ಯಾಗ ಕಳಿಸಿದ ಫೋಟೋ ನೋಡಿ ರಾಜೂರಿಗೆ ಬಂದಾಕಿ, ದನದ ಮನ್ಯಾಗ ಹೊಸಾ ಬಟ್ಟಿ ಮ್ಯಾಲೇ ಅಂಗಾತ ಮಲಗಿ ಖುರ್ಚಿ ಕೆಳಗ ತಲಿ ತೂರಿಸಿದ್ಲು. ಭಾಳ ಹೊತ್ತು ಏಳಲೇ ಇಲ್ಲ. ಎದ್ದು ತಲಿಯೊಳಗಿನ ಕಟಗಿ ಹೊಟ್ಟು ಝಾಡಿಸಿಕೋತ, “ಸುವರ್ಣಾಬಾಯಿ, ಇದನ್ನ ನೀವು ಎಲ್ಲಿ ಕಲತ್ರಿ? ಇಂಥಾದ್ದು ನಾ ಎಲ್ಲೂ ನೋಡಿಲ್ರಿ,” ಅಂದ್ಲು. ಹೊಗಳಿಕಿ ಅಕಿದು ಖರೇ ಇತ್ತು. ಅದರಾಗ ಸುಳ್ಳಿಲ್ಲ.

ಊರಾಗ ಮೂಲಿಗೆ ಬಿದ್ದ ಚಕ್ಕಡಿ ಎಲ್ಲಾ ದನದ ಮನಿಗೆ ಬಂದ್ವು, ಅಲ್ಲಿಂದ ಖುರ್ಚಿ ಒಂದರ ಹಿಂದ ಒಂದು ಹೋದ್ವು. ಪೇಪರಿನ್ಯಾಗ ಬಂತು. ಗೌಡ್ರು ಗಜೇಂದ್ರಗಡದ ಬಜಾರದಾಗ ಚಹಾ ಕುಡಿಯೂ ಮುಂದ ಸಿಕ್ಕಸಿಕ್ಕಾವ್ರಿಗೆ, “ನಮ್ಮ ಸೊಸಿ ಮಾಡಿದ ಖುರ್ಚಿ ಪರದೇಶಕ್ಕ ಹೊಂಟಾವಪಾ,” ಅಂತ ಮೀಸಿ ತಿರುವುತಿದ್ರು. ಅದ ಗೌಡ್ರು ಮನಿಗೆ ಬಂದು ಖುರ್ಚ್ಯಾಗ ಕುಂತ್ರ ಸುವರ್ಣಾ ಪೇಪರ ತಂದು ಕೊಟ್ಟು, ತನ್ನ ಫೋಟೋ ಬಂದ ಪುಟಾನ ತಾ ನೆಲದಾಗ ಕುಂತು ಕೆಳಗಿಂದ ಇಣಿಕಿ ನೋಡ್ತಿದ್ಲು. ಎಂಥಾ ಚಂದ ನೋಡ್ರಿ ದುನಿಯಾ!

ಹೋದ ವರ್ಷ ಮುಂಬಯ್ಯಾಗ ದೊಡ್ಡ ಪ್ರದರ್ಶನ ಆತು. ಸುವರ್ಣಾನ್ನ ಕರಿಸಿದ್ರು. ಸಂಗನಬಸವನೂ ಜೋಡಿ ಹೋದ. ಒಳಗ ಹೋದ್ರ ಅಕಿ ಖುರ್ಚಿನ ಎದಿ ಮಟಾ ಎತ್ತರದ ಕಟ್ಟಿ ಮ್ಯಾಲ ಏರಿಸಿಟ್ಟಾರ, ಕೆಳಗ ಒಂದು ದೊಡ್ಡ ಕನ್ನಡಿ ಹಾಕ್ಯಾರ. ಸುತ್ತಲೂ ಹಗ್ಗ ಕಟ್ಟ್ಯಾರ, ಮುಟ್ಟಬ್ಯಾಡ್ರಿ ಅಂತ. ಸೂಟು ಹಾಕ್ಕೊಂಡಾವ್ರು, ಮುತ್ತಿನ ಸರಾ ಹಾಕ್ಕೊಂಡಾವ್ರು ಎಲ್ಲಾ ಬಗ್ಗಿ ಬಗ್ಗಿ ಕನ್ನಡ್ಯಾಗ ಇರಿವಿ ಸಾಲು ನೋಡಾಕತ್ತಿದ್ರು. ಸಂಗನಬಸವ ಕಿವ್ಯಾಗ, “ಇವ್ರಿಗೆ ನಮ್ಮ ಅಡಗಿಮನಿ ತೋರಿಸಿದ್ರ ಹ್ಯಾಂಗ, ಇರಿವಿ ಬೇಕಾದಷ್ಟ ಅದಾವ,” ಅಂದ. ಇಬ್ರೂ ಬಾಯಿ ಮುಚಗೊಂಡು ನಕ್ರು.

ಅಷ್ಟರಾಗ ಒಬ್ಬಾಕಿ ವಯಸ್ಸಾದಾಕಿ, ಇಂಥಾ ಖುರ್ಚಿ ಕೂಡಿಸಿಡೂದ ಅಕಿ ಹವ್ಯಾಸ, ಮರಾಠ್ಯಾಗ ಕೇಳಿದ್ಲು. ಮಯೂರಿ ಕನ್ನಡದಾಗ ತಿರಗಿಸಿ ಹೇಳಿದ್ಲು: “ಇಷ್ಟು ಕೆತ್ತನಿ ಯಾರಿಗೂ ಕಾಣದ ಜಾಗದಾಗ ಯಾಕ ಮಾಡೀರಿ ಅಂತ ಕೇಳಲಿಕ್ಕತ್ಯಾರ್ರಿ.”

ಸುವರ್ಣಾ ವಿಚಾರ ಮಾಡಲಿಲ್ಲ. “ಕಾಣಂಗಿಲ್ಲ ಅಂತ ಯಾರಂದ್ರು? ನಮಗ ಅದ ಕಾಣತೈತಿ,” ಅಂದ್ಲು.

ಅಂದ ಮ್ಯಾಲ ತನ್ನ ಮಾತು ತನಗ ಕೇಳಿಸಿತ್ತು. ಯಾರಿಗೆ ಕಾಣತೈತಿ ಖುರ್ಚಿ ತಳ? ನೆಲದಾಗ ಕುಂತಾವ್ರಿಗೆ. ಶೇಂಗಾ ಆಯ್ದಾಗಿಂದ, ಜ್ವಾಳಾ ಹಸನ ಮಾಡಿದಾಗಿಂದ, ಕೂಸಿಗೆ ಹಾಲ ಕುಡಿಸಿದಾಗಿಂದ, ಮಾವನ ಖುರ್ಚಿ ಕಾಲು, ಮಾವನ ಖುರ್ಚಿ ತಳ, ಇಷ್ಟ ನೋಡಿ ನೋಡಿ ಅಕಿ ಕೈಗೆ ಖುರ್ಚಿ ಅಂದ್ರ ಅಷ್ಟ ಅಂತ ಆಗಿತ್ತು. ಮಯೂರಿ ಅಕಿ ಮಾತನ್ನ ಚಂದ ಮಾಡಿ ಹೇಳಿರಬೇಕು, ಸುತ್ತಲಿನವ್ರು “ವ್ಹಾ” ಅಂದ್ರು. ಯಾರೋ ಚಪ್ಪಾಳಿನೂ ಹೊಡದ್ರು. ಸುವರ್ಣಾ ಕನ್ನಡಿಗೆ ಬೆನ್ನ ಮಾಡಿ ನಿಂತ್ಲು. ತನ್ನನ್ನ ಎಲ್ಲಿ ಕುಂದ್ರಿಸ್ಯಾರ ಅನ್ನೂದನ್ನ ತಾನ ಕೆತ್ತಿ, ಕೆತ್ತಿ, ಊರೂರಿಗೆ ಕಳಿಸ್ಯಾಳ. ಜನಾ ಅದಕ್ಕ ಕನ್ನಡಿ ಹಿಡದು ಮೆಚಗೊಳ್ಳಾಕತ್ಯಾರ.

ಬರೂ ಮುಂದ ರೈಲಿನ್ಯಾಗ ಅಕಿ ತೊಡಿ ಮ್ಯಾಲ ಬೆರಳಲೆ ಗೆರಿ ಎಳಕೋತ ಕುಂತಿದ್ಲು. ಗದಗ ಸಮೀಪ ಬಂದಾಗ ಸಂಗನಬಸವ, “ಏನಾತು?” ಅಂದ.

“ನನಗ ಒಂದು ಖುರ್ಚಿ ಬೇಕು,” ಅಂದ್ಲು.

“ದನದ ಮನಿ ತುಂಬ ಅದಾವಲ್ಲ.”

“ಅವು ಜಗತ್ತಿಗೆ. ನನಗ ಒಂದು ಬೇಕು. ಪಡಸಾಲ್ಯಾಗ. ಮಾವಾರು ಇದ್ದಾಗ ಕುಂದ್ರಾಕ.”

ಸಂಗನಬಸವ ಕಿಡಕಿ ಹೊರಗ ನೋಡಿದ. “ಅಪ್ಪಗ ಹ್ಯಾಂಗ ಹೇಳೂದ?” ಅಂದ. ಅಂವನ ಬಾಯಿಂದ ಬರೂ ಮಾತು ಅದೊಂದ ಅಂತ ಸುವರ್ಣಾಗ ಗೊತ್ತಿತ್ತು.

ಮರುದಿನ ಹನಮಪ್ಪ ಬಂದ. ಹೊಸಾ ಖುರ್ಚಿ ಅಂದ್ರ ಮೊದಲ ಅಳತಿ. ಹಿಂದಿನವಕ್ಕೆಲ್ಲಾ ಸಂಗನಬಸವನ್ನ ನಿಂದ್ರಿಸಿ ಮೊಣಕಾಲಿಂದ ನೆಲದ ಮಟಾ ಅಳತಿ ಹಿಡದಿದ್ರು, ಇಲ್ಲಾಂದ್ರ ಗೌಡ್ರ ಖುರ್ಚಿದ. ಹನಮಪ್ಪ ಟೇಪು ತಗದು, “ಇದು ಯಾರ ಅಳತಿಗೆ?” ಅಂದ.

“ನಂದು.”

ಹನಮಪ್ಪ ಟೇಪು ಹಿಡಕೊಂಡು ಹಂಗ ನಿಂತ. ಗೌಡ್ರ ಸೊಸಿ ಕಾಲಿಗೆ ಟೇಪು ಹಚ್ಚೂದು ಹ್ಯಾಂಗ, ನೆಲ ಬಿರದು ನನ್ನ ನುಂಗಬಾರದ ಅಂತ ಅಂವನ ಮಾರಿ ಹೇಳತಿತ್ತು. ಸುವರ್ಣಾ ಮೂಲ್ಯಾಗಿದ್ದ ಜ್ವಾಳದ ದಂಟು ತಗೊಂಡ್ಲು, ತಾನ ಹಿಮ್ಮಡಕ್ಕ ಊರಿ, ಮೊಣಕಾಲ ಸಂದಿಗೆ ಬಂದಲ್ಲಿ ಲಟಕ್ಕನ ಮುರದು ಕೈಗೆ ಕೊಟ್ಲು. “ಇಷ್ಟು. ಒಂದ ಗೆರಿ ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ,” ಅಂದ್ಲು.

ಹನಮಪ್ಪ ದಂಟು ನೋಡಿದ. “ಇಷ್ಟ ಗಿಡ್ಡ ಇದ್ದೀ ಏನ ಯವ್ವಾ? ಮಾತ ಕೇಳಿದ್ರ ಎತ್ತರ ಕಾಣ್ತಿ,” ಅಂದ. ಇಬ್ರೂ ನಕ್ಕು ಕೆಲಸಕ್ಕ ಹತ್ತಿದ್ರು.

ಈ ಖುರ್ಚಿ ಬ್ಯಾರೆ ಇತ್ತು. ಬೆನ್ನಿಗೆ ಹಳೇ ನೊಗ ತಗೊಂಡ್ರು. ಎತ್ತಿನ ಹೆಗಲು ತಿಕ್ಕಿ ತಿಕ್ಕಿ ನುಣ್ಣಗಾಗಿದ್ದ ಜಾಗಾ ಸರಿಯಾಗಿ ಬೆನ್ನಿಗೆ ಬರೂವಂಗ ಇಟ್ರು. ಕೆಳಗ ಏನೂ ಕೆತ್ತಲಿಲ್ಲ. ಒಂದ ಗೆರಿ ಸುದ್ದಾ ಇಲ್ಲ, ಬೋಳ ಹಲಗಿ. ಕೆತ್ತನಿ ಎಲ್ಲಾ ತೋಳಿನ ಒಳಗ, ಕುಂತಾವ್ರ ಅಂಗೈ ಬರೂ ಕಡೆ. ನಿಂತು ನೋಡಿದ್ರ ಕಾಣಂಗಿಲ್ಲ, ಕುಂತು ಕೈ ಇಟ್ರ ಮಾತ್ರ ಬೆರಳಿಗೆ ತಿಳಿತೈತಿ. ಜ್ವಾಳದ ತೆನಿ ಒಂದೊಂದ ಕಾಳೂ ಕೆತ್ತಿ, ನಡುವ ಕೂದಲದಷ್ಟ ತೆಳ್ಳಗ ಹಿತ್ತಾಳಿ ತಂತಿ ಕೂಡಿಸಿದ್ಲು. ಕೆಲಸಾ ಮಾಡೂ ಮುಂದ ಅಕಿ ಬಾಯಾಗ ಬೈಗುಳ ಇತ್ತು. ಯಾರಿಗೆ ಬೈತಿದ್ಲೋ, ಹನಮಪ್ಪ ಕೇಳಲಿಲ್ಲ.

ಮುಗದ ದಿನ ಹನಮಪ್ಪ ರೂಢಿ ಪ್ರಕಾರ ಕುಂತು ನೋಡಾಕ ಹೋದ. “ಏ ಕಾಕಾ, ಬ್ಯಾಡ!” ಅಂತ ಸುವರ್ಣಾ ಚೀರಿದ್ಲು. ಹನಮಪ್ಪ ಬೆದರಿ ಹಿಂದ ಸರದ. “ಮತ್ತ ನೀ ಕುಂದ್ರು,” ಅಂದ. ಅಕಿ ಖುರ್ಚಿ ಮುಂದ ನಿಂತ್ಲು, ತೋಳ ಹಿಡದ್ಲು, ಮೊಣಕಾಲು ಬಗ್ಗಲಿಲ್ಲ. ಪಡಸಾಲ್ಯಾಗ ಗೌಡ್ರು ಇರಲೇ ಇಲ್ಲ, ರೋಣಕ್ಕ ಹೋಗಿದ್ರು. ಆದ್ರೂ ಬಗ್ಗಲಿಲ್ಲ. ಎಂಥಾ ಹಾಳ ಚಟಾ ಹಚ್ಯಾರ ನೋಡ ಮೈಗೆ, ಅಂತ ಅಕಿಗೆ ಅಳುನೂ ಬಂತು ಸಿಟ್ಟೂ ಬಂತು. “ಇಲ್ಲಿ ಕದ್ದು ಕುಂದ್ರಂಗಿಲ್ಲ ಕಾಕಾ. ಕುಂತ್ರ ಪಡಸಾಲ್ಯಾಗ ಕುಂದ್ರತೀನಿ,” ಅಂದ್ಲು.

ಅತ್ತಾಗ ಮಯೂರಿ ಫೋನ್ ಹಚ್ಚಿದ್ಲು. ಹಿಂದಿನಂಥಾದ್ದ ಇನ್ನೊಂದು ಜೋಡಿ ಬೇಕಾಗ್ಯಾವ, ತಳದಾಗ ಕೆತ್ತನಿ ಇನ್ನೂ ಹೆಚ್ಚಿಗೆ ಇರಲಿ, ಅಂದ್ಲು.

“ತಳದ ಕೆಲಸಾ ಬಿಟ್ಟೀನಿ,” ಅಂದ್ಲು ಸುವರ್ಣಾ.

“ಅಯ್ಯ, ಹಂಗಂದ್ರ ಹ್ಯಾಂಗ್ರಿ? ನಿಮ್ಮ ಹೆಸರು ಇರೋದ ಅದರಿಂದ ಅದ.”

“ಇದ್ರ ಇರಲಿ. ನೀವು ಒಂದ ಸಲ ನೆಲದಾಗ ಕುಂತು ನಿಮ್ಮ ಮಾವನ ಖುರ್ಚಿ ಕಾಲು ನೋಡಕೋತ ಜ್ವಾಳಾ ಹಸನ ಮಾಡ್ರಿ ಮಯೂರಿಬಾಯಿ, ಆಮ್ಯಾಲ ಮಾತಾಡೂಣು,” ಅಂತ ಫೋನ್ ಇಟ್ಲು. ಮಯೂರಿ ಶಾಣ್ಯಾಕಿ, ಸಿಟ್ಟಿಗೆ ಬರಲಿಲ್ಲ. ಹೊಸಾ ಖುರ್ಚಿ ಒಂದು ಆಗೈತಿ ಅಂತ ಸುದ್ದಿ ಅಕಿಗೆ ಮುಟ್ಟಿತ್ತು. ನೇರ ಗೌಡ್ರಿಗೆ ಫೋನ್ ಮಾಡಿದ್ಲು. ಗೌಡ್ರು, “ಬಂದು ಒಯ್ಯವ್ವಾ, ನಿಮ್ಮಪ್ಪ ನನಗ ಬೇಕಾದಾಂವ, ಮಾತ ಕೊಟ್ಟೀನಿ,” ಅಂದಬಿಟ್ರು.

ಸಂಗನಬಸವ ಬಂದು ಹೇಳಿದಾಗ ಸುವರ್ಣಾ ರೊಟ್ಟಿ ಬಡಿಯಾಕತ್ತಿದ್ಲು. ರೊಟ್ಟಿ ಹಂಚಿಗೆ ಬೀಳಲಿಲ್ಲ, ಒಲಿ ಬೂದ್ಯಾಗ ಬಿತ್ತು. “ನನ್ನ ಕೇಳದ?” ಅಂದ್ಲು.

“ಅಪ್ಪ ಕೇಳೂದು ಯಾವಾಗ ಇತ್ತು? ಇನ್ನೊಂದು ಮಾಡಕೊಂಡ್ರಾತು ಬಿಡ,” ಅಂದ ಸಂಗನಬಸವ.

“ಅದು ಹೋದ್ರ ಇನ್ನೊಂದೂ ಹೋಗತೈತಿ, ಅದರ ಹಿಂದ ಮತ್ತೊಂದೂ ಹೋಗತೈತಿ. ನಾ ಸಾಯೂ ತನಕಾ ಮಾಡಕೋತ ಇರತೀನಿ, ನೆಲದಾಗ ಕುಂತು,” ಅಂದ್ಲು ಸುವರ್ಣಾ. ಶೇಖವ್ವ ಮಗ್ಗಲದಾಗ ಪಲ್ಯಾ ಹೆಚ್ಚಾಕತ್ತಿದ್ಲು. “ಎಲ್ಲಾರೂ ಪಲ್ಲಕ್ಕಿ ಏರಿದ್ರ ಹೊರಾವ್ರು ಯಾರವ್ವಾ?” ಅಂದ್ಲು. ಯಾವಾಗಲೂ ಅನ್ನೂ ಮಾತ ಅದು. ಆವತ್ತು ಮಾತ್ರ ಅಂದ ಮ್ಯಾಲ ಈಳಿಗಿ ಮ್ಯಾಲ ಕೈ ಹಂಗ ನಿಂತಿತ್ತು.

ಐತವಾರ ಮುಂಜಾನೆ ಮಯೂರಿ ಬಂದ್ಲು. ಜೋಡಿ ಫೋಟೋ ತಗಿಯಾಂವ ಒಬ್ಬ, ಸಾಮಾನ ಒಯ್ಯಾಕ ಒಂದು ಗಾಡಿ. ದನದ ಮನ್ಯಾಗ ಕತ್ತಲಿ ಐತಿ ಅಂತ ಗೌಡ್ರು ಆಳಿಗೆ ಹೇಳಿ ಖುರ್ಚಿ ಪಡಸಾಲಿಗೆ ತರಿಸಿದ್ರು. ಶೇಖವ್ವ ಮತ್ತ ಸುವರ್ಣಾ ನಡುಮನಿ ಬಾಗಲ ಹಿಂದ ನಿಂತಿದ್ರು. ಗಾಡಿ ಹಿಂದಿನ ಬಾಗಲಾ ತಗದಿಟ್ಟದ್ದು ಅಲ್ಲಿಂದ ಕಾಣತಿತ್ತು. ಖುರ್ಚಿ ಆ ಬಾಗಲದಾಗ ಹೋತು ಅಂದ್ರ ಮುಗೀತು.

ಗೌಡ್ರು ಖುಷಿಯೊಳಗ ಇದ್ರು. “ನಮ್ಮ ಮನಿ ಮಾಲು, ಹಿರ್ಯಾ ಮೊದಲ ಕುಂದ್ರಬೇಕು,” ಅಂತ ಧೋತರ ಸರಿಮಾಡಿಕೊಂಡು ಹೊಸಾ ಖುರ್ಚಿ ಮ್ಯಾಲ ಕುಂತಬಿಟ್ರು. ಗೌಡ್ರು ಆರಡಿ ಆಳು, ಖುರ್ಚಿ ಸುವರ್ಣಾನ ಅಳತಿ. ಮೊಣಕಾಲು ಎದಿಗೆ ಬಂದ್ವು. ತೋಳು ಎರಡೂ ಮಗ್ಗಲ ಒತ್ತಿದ್ವು. ಫೋಟೋದಾಂವ ನಗೂ ತಡಕೊಂಡ. ಗೌಡ್ರು ತಾವ ಹೊ ಹೊ ಅಂತ ನಕ್ಕು, “ಏ ಮಯೂರಿ, ನಮ್ಮ ಸೊಸಿ ಈ ಸಲ ಅಳತಿ ತಪ್ಪ್ಯಾಳ ನೋಡವ್ವಾ! ಮುಂಬಯಿಗೆ ಹೋಗಿ ತಲಿ ತಿರಗೇತಿ ಅಕಿದು!” ಅಂದ್ರು.

“ಅಳತಿ ತಪ್ಪಿಲ್ರಿ ಮಾವಾರ.”

ಬಾಗಲ ಹಿಂದಿಂದ ಬಂತು ಮಾತು. ಲಗ್ನ ಆದಾಗಿಂದ ಸುವರ್ಣಾ ಮಾವನ ಜೋಡಿ ನೇರ ಮಾತಾಡಿದ್ದಿಲ್ಲ. ಏನ ಹೇಳೂದಿದ್ರೂ ಅತ್ತಿ ಕಡಿಂದ, ಇಲ್ಲಾ ಗಂಡನ ಕಡಿಂದ. ಗೌಡ್ರ ನಗು ಅರ್ಧಕ್ಕ ನಿಂತಿತು.

“ಏನಂದಿ?”

ಸುವರ್ಣಾ ಹೊಸ್ತಿಲ ದಾಟಿ ಪಡಸಾಲಿಗೆ ಬಂದ್ಲು. ಸೆರಗಿನ ತುದಿ ನಡಕ್ಕ ಸಿಗಿಸಿಕೊಂಡ್ಲು. “ಅಳತಿ ತಪ್ಪಿಲ್ಲಂದೆ. ಅದು ನಿಮ್ಮ ಅಳತಿ ಅಲ್ರಿ.”

“ಮತ್ತ ಯಾರದು?”

“ನಂದು. ಏಳ್ರಿ.”

ಎವ್ವಾ! ಹೊರಗ ಕಟ್ಟಿ ಮ್ಯಾಲ ಕುಂತಾವ್ರು ಸುದ್ದಾ ಬೀಡಿ ಸೇದೂದ ನಿಂದ್ರಿಸಿದ್ರು. ಗೌಡ್ರಿಗೆ ಸಿಟ್ಟ ಮಾಡಾಕೂ ತಿಳಿಲಿಲ್ಲ ಅನಸ್ತೈತಿ, ಅಷ್ಟ ಆಶ್ಚರ್ಯ ಆಗಿತ್ತು. ಏಳಾಕ ಹೋದ್ರ ಖುರ್ಚಿ ಒತ್ತಿ ಹಿಡದಿತ್ತು, ಸಂಗನಬಸವ ಓಡಿ ಬಂದು ಕೈ ಕೊಟ್ಟ. ಗೌಡ್ರು ಎದ್ದು ನಿಂತ್ರು. ಇನ್ನ ಅಕಿ ಖುರ್ಚಿ ಎತಗೊಂಡು ಒಳಗ ಹೋಗತಾಳ, ಗುಣಗುಣ ಅಂತಾಳ, ಸಂಜಿಕ ಎಲ್ಲಾ ಸರಿ ಹೋಗತೈತಿ ಅಂತ ಎಲ್ಲಾರೂ ತಿಳಕೊಂಡಿದ್ರು.

ಸುವರ್ಣಾ ಕುಂತ್ಲು.

ಮೊಣಕಾಲು ಬಗ್ಗಿದ್ವು. ಅಂಗಾಲು ಎರಡೂ ನೆಲಕ್ಕ ಸರಿಯಾಗಿ ಹತ್ತಿದ್ವು. ನೊಗ ಬೆನ್ನಿಗೆ ಕುಂತಿತು. ಅಂಗೈ ಕೆಳಗ ಜ್ವಾಳದ ತೆನಿ ಬಂತು, ತಾನ ಕೆತ್ತಿದ್ದು, ಆದ್ರೂ ಮೊದಲನೇ ಸಲ ಮುಟ್ಟಿದಂಗ ಆತು. ಪಡಸಾಲಿ ಅಕಿಗೆ ಗುರತ ಸಿಗಲಿಲ್ಲ. ಗ್ವಾಡಿ ಮ್ಯಾಲಿನ ಫೋಟೋಗೋಳು ಎದರ ಬದರ ಕಾಣತಿದ್ವು, ಕಿಡಕ್ಯಾಗಿಂದ ಹೊರಗಿನ ಬೇವಿನ ಗಿಡ ಕಾಣತಿತ್ತು. ಈ ಗಿಡ ಇಲ್ಲಿಂದ ಕಾಣತೈತಿ ಅಂತ ಅಕಿಗೆ ಇಷ್ಟ ದಿನಾ ಗೊತ್ತಿರಲಿಲ್ಲ.

ಗೌಡ್ರು ಕೆಮ್ಮಿದ್ರು.

ಸುವರ್ಣಾ ಏಳಲಿಲ್ಲ. ಮತ್ತೊಮ್ಮೆ ಕೆಮ್ಮಿದ್ರು. “ನೀರ ಕೊಡ್ರಿ ಮಾವಾರಿಗೆ, ಕೆಮ್ಮ ಬಂದೈತಿ,” ಅಂದ್ಲು ಗಂಡಗ.

ಮಯೂರಿ ನಡುವ ಬಂದ್ಲು ಪಾಪ. “ಗೌಡ್ರ, ನೀವು ನಿಮ್ಮ ಖುರ್ಚಿ ಮ್ಯಾಲ ಕೂಡ್ರಿ. ಸುವರ್ಣಾಬಾಯಿ, ಗೌಡ್ರು ನನಗ ಮಾತು ಕೊಟ್ಟಾರ, ಗಾಡಿನೂ ಬಂದದ...”

“ಮಾತ ಕೊಟ್ಟಾವ್ರು ಅವರು. ಅವರ ಖುರ್ಚಿ ಒಯ್ಯಿರಿ,” ಅಂದ್ಲು ಸುವರ್ಣಾ.

ಗೌಡ್ರ ಮಾರಿ ಕೆಂಪಗಾತು. ಒದರಲಿಲ್ಲ. ಒದರಿದ್ರ ಚಲೋ ಇತ್ತು. ಕಂಬಕ್ಕ ಕೈ ಹಚ್ಚಿ ನಿಂತು, ಸಣ್ಣ ದನಿಲೆ, “ಸೊಸಿ ಖುರ್ಚಿ ಏರಿ ಕುಂತ ಪಡಸಾಲ್ಯಾಗ ನಾ ಕುಂದ್ರಂಗಿಲ್ಲ. ಅಕಿ ಏಳೂ ತನಕಾ ಹಿಂಗ ನಿಂದ್ರತೀನಿ. ನಡೀಲಿ,” ಅಂದ್ರು. ನಿಂತಬಿಟ್ರು. ಅವರ ಹಠ ಊರಿಗೆ ಗೊತ್ತಿದ್ದದ್ದ. ಹೋದ ಮಳಿಗಾಲದಾಗ ಜಾರಿ ಬಿದ್ದಾಗಿಂದ ಮೊಣಕಾಲು ಬ್ಯಾನಿ, ಕಾಲು ನಡುಗೂದು ಎಲ್ಲಾರಿಗೂ ಕಾಣತಿತ್ತು. ಫೋಟೋದಾಂವ ಕ್ಯಾಮರಾ ಚೀಲಕ್ಕ ಹಾಕಿದ.

“ಸುವರ್ಣಾ, ಏಳ,” ಅಂದ ಸಂಗನಬಸವ, ಅಂವಗ ಅಳು ಬಂದಿತ್ತು. “ಅಪ್ಪನ ಕಾಲ ನೋಡ. ವಯಸ್ಸಾದಾವ್ರು. ನಿನ್ನ ಕೈ ಮುಗಿತೀನಿ, ಒಂದ ಸಲ ಏಳ. ನೀ ಕುಂತಿದ್ದು ಎಲ್ಲಾರೂ ನೋಡಿದ್ರಲ್ಲ, ಸಾಕು.”

ಸುವರ್ಣಾ ಮಾವನ ಕಾಲ ನೋಡಿದ್ಲು. ಜ್ವರ ಬಂದಾಗ ದವಾಖಾನಿ ಮೆಟ್ಟಲಾ ಏರಿದ ಕಾಲು ಅವ. ಮುದುಕನ್ನ ನಿಂದ್ರಿಸಿ ತಾ ಕುಂದ್ರೂದೇನ ದೊಡ್ಡಸ್ತಿಕಿ? ತೋಳ ಮ್ಯಾಲಿನ ಕೈಗೆ ಭಾರ ಹಾಕಿ ಅಕಿ ಏಳಾಕ ಹತ್ತಿದ್ಲು, ಬೆನ್ನು ನೊಗದಿಂದ ಬಿಟ್ಟಿತ್ತು.

ಹಿಂದಿಂದ ಹೆಗಲ ಮ್ಯಾಲ ಒಂದು ಕೈ ಬಿತ್ತು, ಗಟ್ಟಿಯಾಗಿ. ಬಳಿ ಸಪ್ಪಳಾತು. ಶೇಖವ್ವ ಹೊಸ್ತಿಲ ದಾಟಿ ಹೊರಗ ಬಂದಿದ್ಲು, ಪರ ಮಂದಿ ಇದ್ರೂ ತಲಿ ಮ್ಯಾಲಿನ ಸೆರಗಿನ ಖಬರ ಇರಲಿಲ್ಲ. ಸೊಸಿನ ತಳ್ಳಿ ಮತ್ತ ಕುಂದ್ರಿಸಿದ್ಲು. ಗಂಡನ ಮಾರಿನ ನೋಡಕೋತ ಅಂದ್ಲು:

“ಕುಂದ್ರು ನೀ. ನಿಂದ್ರಲಿ ಅವರು. ಲಗ್ನ ಆದಾಗಿಂದ ನಾ ಆ ಬಾಗಲದಾಗ ನಿಂತೀನಿ, ನನ್ನ ಕಾಲ ಯಾರ ನೋಡ್ಯಾರ?”